ಬೆಣ್ಣೆ ಫ್ರಿಜ್ಜಿನಲ್ಲಿ ಮೂರು ತಿಂಗಳ ಚಳಿಗಾಲ

ಬೆಳಗಿನ ಐದು ಗಂಟೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ರುದ್ರಮುನಿಯವರ ಬೆಣ್ಣೆದೋಸೆ ಹೋಟೆಲಿನ ಷಟರ್ ಇನ್ನೂ ಅರ್ಧ ಮಾತ್ರ ಎದ್ದಿದೆ. ಒಳಗೆ ಓಬವ್ವ ಸೆರಗು ಸಿಕ್ಕಿಸಿಕೊಂಡು ಕಾಯಿ ಚಟ್ನಿ ರುಬ್ಬುತ್ತಿದ್ದಾರೆ. ರುಬ್ಬಿ ಮುಗಿದದ್ದೇ ಹೋಟೆಲಿನ ಹಿಂದಿರುವ ತಮ್ಮ ಮನೆಯಂಗಳಕ್ಕೆ ಓಡುತ್ತಾರೆ. ಅಲ್ಲೊಂದು ಒಡಕು ಬಕೆಟ್ಟು, ಅದರಲ್ಲಿ ಮೊಣಕಾಲೆತ್ತರದ ಗಿಡ.

“ನಿಮಗೆ ಕನ್ನಡಕ ಐತೆ, ಮೊಗ್ಗು ಕಾಣ್ತಾವೇನು ನೋಡ್ರಿ” ಎನ್ನುತ್ತಾರೆ, ಹಿಂದೆಯೇ ಹೋದ ನನಗೆ. ಬಗ್ಗಿ ನೋಡುತ್ತೇನೆ. ಇಲ್ಲ.

ಇದು ಬ್ಲೂಬೆರಿ. ಬೇಸಿಗೆಯಲ್ಲಿ ಡಾಂಬರೂ ಮೆತ್ತಗಾಗುವ ಊರಿನಲ್ಲಿ, ಬೀಜದಿಂದ ಎಬ್ಬಿಸಿದ ಗಿಡ. ಐವತ್ತೆರಡರ ಓಬವ್ವ ಇಪ್ಪತ್ತಾರು ವರ್ಷದಿಂದ ಇಲ್ಲೇ ರುಬ್ಬುತ್ತಿದ್ದಾರೆ. ದಿನಕ್ಕೆ ಹದಿನೆಂಟು ಕಿಲೋ ಅಕ್ಕಿ, ಇಪ್ಪತ್ತೈದು ತೆಂಗಿನಕಾಯಿ. ಉದ್ದು, ಮಂಡಕ್ಕಿ ಬೇರೆ. ದೋಸೆ ಹೊಯ್ಯುವವರ ಫೋಟೊ ಪೇಪರಿನಲ್ಲಿ ಬಂದದ್ದುಂಟು, ರುಬ್ಬುವವರದು ನಾನಂತೂ ನೋಡಿಲ್ಲ.

ಸೂಪರ್ ಮಾರ್ಕೆಟ್ಟಿನಲ್ಲಿ ಕೆಲಸ ಮಾಡುವ ಮಗಳು ಸಹನಾ ಒಂದು ದಿನ ಮೆತ್ತಗಾದ ಬ್ಲೂಬೆರಿಯ ಡಬ್ಬಿ ತಂದಳು. ತಾಯಿ ಹಣ್ಣು ಹಿಸುಕಿ, ರಾಗಿಗಿಂತ ಸಣ್ಣ ಬೀಜ ಸೋಸಿ ತೆಗೆದರು. ಮೊಳೆಯಬೇಕಾದರೆ ಮೂರು ತಿಂಗಳು ಚಳಿ ಬೇಕು ಎಂದಿತು ಮಗಳ ಮೊಬೈಲು. ಓಣಿಯಲ್ಲಿ ಕಾಯಂ ಚಳಿ ಇರುವುದು ಹೋಟೆಲಿನ ಬೆಣ್ಣೆ ಫ್ರಿಜ್ಜಿನಲ್ಲಿ ಮಾತ್ರ. ಓಬವ್ವ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೈಗೆ ಸಿಕ್ಕ ಕೆಂಪು ದಾರ ಕಟ್ಟಿ, ಡಬ್ಬಿಗೆ ಹಾಕಿ ಬೆಣ್ಣೆಯ ಹಿಂದೆ ಸರಿಸಿದರು. ಯಾರನ್ನೂ ಕೇಳಲಿಲ್ಲ.

ಎರಡು ತಿಂಗಳಿಗೆ ಅದು ರುದ್ರಮುನಿಯವರ ಕಣ್ಣಿಗೆ ಬಿತ್ತು. ಒದ್ದೆ ಬಟ್ಟೆ, ಕೆಂಪು ದಾರ, ಒಳಗೆ ಏನೋ ಕಾಳು! ಎದುರು ಹೋಟೆಲಿನವರೇ ಮಾಟ ಮಾಡಿಸಿದ್ದಾರೆಂದುಕೊಂಡರು. ಸ್ಕೂಟರ್ ಹತ್ತಿ ಹರಿಹರಕ್ಕೆ ಹೋಗಿ, ಡಬ್ಬಿಯನ್ನು ತುಂಗಭದ್ರೆಗೆ ಬಿಟ್ಟು, ಮೂರು ಮುಳುಗು ಹಾಕಿ ಹಿಂತಿರುಗಿ ನೋಡದೆ ಬಂದರು.

“ಒದ್ದೆ ಪಂಚೆಯಾಗೇ ಬಂದು ಹೇಳಿದ್ರು. ನಂಗೆ ಅಳು ತಡಿಯಾಕ ಆಗ್ಲಿಲ್ಲ. ಮಾಟ ಹೋತು ಅಂತ ಖುಷಿಗೆ ಅಳ್ತಾಳೆ ಅಂದ್ಕಂಡು ನಂಗೇ ಸಮಾಧಾನ ಮಾಡಿದ್ರು” ಎಂದು ಓಬವ್ವ ಈಗ ನಗುತ್ತಾರೆ.

ಸಹನಾ ಇನ್ನೊಂದು ಡಬ್ಬಿ ಹಣ್ಣು ತಂದಳು. ಈ ಸಲ ಓಬವ್ವ ಬೀಜದ ಡಬ್ಬಿಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಯಾರೂ ಮುಟ್ಟಲಿಲ್ಲ. ರುದ್ರಮುನಿಯವರಂತೂ ಮೂರು ತಿಂಗಳು ಕೈಮುಗಿದೇ ಬೆಣ್ಣೆ ತೆಗೆದರು. ನಿಜ ಗೊತ್ತಾದದ್ದು ಬೀಜ ಮೊಳೆತ ಮೇಲೆ. ಈಗ ಆ ಮಾತು ಎತ್ತಿದರೆ ಎದ್ದು ಬೀಡಾ ಅಂಗಡಿಗೆ ಹೋಗುತ್ತಾರೆ.

ಮೊಳೆತದ್ದು ಹನ್ನೊಂದು. ಮಣ್ಣು ಹುಳಿಯಿರಬೇಕೆಂದು ಕೇಳಿ ಓಬವ್ವ ಹುಳಿಮಜ್ಜಿಗೆ ಹೊಯ್ದರು. ಇರುವೆಗಳಿಗೆ ಹಬ್ಬವಾಯಿತು, ಹತ್ತು ಸಸಿ ಕೊಳೆತವು. ಉಳಿದ ಒಂದಕ್ಕೆ ಈಗ ತೆಂಗಿನ ನಾರಿನ ಪುಡಿ, ನಾಲ್ಕು ಹನಿ ನಿಂಬೆ ಹಿಂಡಿದ ನೀರು, ಬಕೆಟ್ಟಿನ ಸುತ್ತ ಒದ್ದೆ ಗೋಣಿಚೀಲ.

ಮೂರನೇ ವರ್ಷಕ್ಕೆ ಹೂ ಬರಬೇಕು. ಇದು ಮೂರನೇ ವರ್ಷ. “ಚಳಿ ಸೀಮೆ ಗಿಡ ಇದು ಓಬವ್ವಾ, ಇಲ್ಲಿ ಹಣ್ಣಿನ ಆಸೆ ಇಟ್ಕಬ್ಯಾಡ್ರಿ” ಎಂದಿದ್ದಾರೆ ಹರಿಹರದ ನರ್ಸರಿಯ ಜಮಾಲ್ ಸಾಬ್.

ರುಚಿ ಹೇಗಿರುತ್ತದೆ ಎಂದು ಕೇಳುತ್ತೇನೆ. “ನಂಗೇನು ಗೊತ್ತು? ಎರಡು ಸಲಾನೂ ಹಣ್ಣೆಲ್ಲ ಬೀಜಕ್ಕೇ ಹೋತಲ್ರಿ. ಗಿಡ ಒಂದು ಹಣ್ಣು ಬಿಟ್ರೆ ಸಾಕು, ಬಾಯಿಗೆ ಹಾಕ್ಕಂಡು ನೋಡೋ ಆಸೆ.”

ಬಿಡದೇ ಹೋದರೆ ಎಂದು ಕೇಳುತ್ತೇನೆ.

ಓಬವ್ವ ಗೋಣಿಚೀಲಕ್ಕೆ ನೀರು ಚಿಮುಕಿಸುತ್ತಲೇ ಹೇಳುತ್ತಾರೆ: “ಬಿಡದಿದ್ರೆ ಬ್ಯಾಡ ಬಿಡ್ರಿ. ಇಪ್ಪತ್ತಾರು ವರ್ಷ ನಾ ರುಬ್ಬಿದ್ದೆಲ್ಲ ಮಧ್ಯಾಹ್ನದೊಳಗೆ ಖಾಲಿ. ನನ್ನ ಕೈಯಾಗಿಂದು ಮರುದಿನಾನೂ ಉಳಿದಿರೋದು ಅಂದ್ರೆ ಇದೊಂದೇ.”