ಮೆಟ್ಟಿಲ ಕೆಳಗಿನ ಕುಂಬಳಕಾಯಿ

ಖಾಲಿ ಗಾಡಿ ಕಂಡರೆ ಪುಟ್ಟಲಕ್ಷ್ಮಮ್ಮನವರ ಕೈ ಸುಮ್ಮನಿರುತ್ತಿರಲಿಲ್ಲ. ಗಾಡಿಯೆಂದರೆ ಸ್ಕೂಟರಲ್ಲ, ಕಾರಲ್ಲ. ಮಕ್ಕಳನ್ನು ಕೂರಿಸಿ ತಳ್ಳಿಕೊಂಡು ಹೋಗುವ ಸ್ಟ್ರಾಲರು. ಗೋವಿಂದರಾಜನಗರದ ನಮ್ಮ ಮನೆಯ ಮೆಟ್ಟಿಲ ಕೆಳಗೆ ಅವು ಸಾಲಾಗಿ ನಿಂತಿರುತ್ತಿದ್ದವು. ಬಗ್ಗಿ ನೋಡಿದರೆ ಮೊದಲನೆಯದರಲ್ಲಿ ಒಂದು ಸಿಹಿಗುಂಬಳ ಬೆಲ್ಟು ಹಾಕಿಕೊಂಡು ಕೂತಿರುತ್ತಿತ್ತು. ಪಕ್ಕದ್ದರಲ್ಲಿ ಜುಟ್ಟಿರುವ ಎರಡು ತೆಂಗಿನಕಾಯಿ, ಅವಳಿ ಮಕ್ಕಳ ಹಾಗೆ. ಅದರಾಚೆ ಈರುಳ್ಳಿ ಚೀಲ. ಗೋಡೆಗೆ ಒತ್ತಿದ್ದ ನೀಲಿ ಗಾಡಿಯಲ್ಲಿ ರುಬ್ಬುವ ಗುಂಡುಕಲ್ಲು, ಕಪ್ಪಗೆ, ನುಣ್ಣಗೆ, ಯಾರ ಮೇಲೋ ಮುನಿಸಿಕೊಂಡಂತೆ.

ಪುಟ್ಟಲಕ್ಷ್ಮಮ್ಮ ನಮ್ಮ ಮನೆಯ ಓನರ್. ಕೆಳಗೆ ಅವರು, ಮೇಲೆ ನಾವು. ಕುಳ್ಳಗಿನ ಗಟ್ಟಿ ಹೆಂಗಸು. ಸೆರಗು ಸದಾ ಸೊಂಟಕ್ಕೆ ಸಿಕ್ಕಿಸಿರುತ್ತಿತ್ತು. ವಾಲೆಯ ಭಾರಕ್ಕೆ ಎಡಗಿವಿಯ ತೂತು ಸ್ವಲ್ಪ ಜಾರಿದ್ದರಿಂದ, ಮುಖವೆಲ್ಲ ಸಿಟ್ಟಾಗಿದ್ದಾಗಲೂ ಆ ಒಂದು ಕಿವಿ ಮಾತ್ರ ಬೇಸರದಲ್ಲಿರುವಂತೆ ಕಾಣುತ್ತಿತ್ತು. ಬಾಡಿಗೆಗೆ ಬಂದ ದಿನ ನಾನು ಕೈಜೋಡಿಸಿ, ನನ್ನ ಶಾಲೆಯ ಸಿಸ್ಟರುಗಳು ಕಲಿಸಿದ ನಗುವನ್ನು ನಕ್ಕು, "ನಮಸ್ತೆ ಆಂಟಿ" ಎಂದಿದ್ದೆ.

"ಆಂಟಿ ಅಂತೆ ಆಂಟಿ! ನಾನೇನ್ ನಿಮ್ಮಪ್ಪನ ತಮ್ಮನ್ ಹೆಂಡ್ತಿನಾ? ಹೆಸ್ರಿಟ್ಟವ್ರೆ, ಹೆಸ್ರಲ್ಲೇ ಕರಿ. ಯಾವ್ ಸ್ಕೂಲಲ್ಲಿ ಓದಿದ್ದು ನೀನು?"

"ಕಾನ್ವೆಂಟಲ್ಲಿ."

"ಅದಕ್ಕೇ!" ಎಂದರು. ಅಂದಿನಿಂದ ನನ್ನ ಹೆಸರು ಕಾನ್ವೆಂಟು. ತರಕಾರಿಯವನ ಮುಂದೆ, ನನ್ನ ಗಂಡನ ಮುಂದೆ, ಎದುರು ಮನೆಯವರ ಮುಂದೆ ಎಲ್ಲೆಡೆಯೂ ಅದೇ.

ನನ್ನ ಮಗಳು ಕಾಲೇಜು ಸೇರಿದ ವರ್ಷ ಹಗಲು ಬಹಳ ಉದ್ದವಾಯಿತು. ಎದುರು ಮನೆಯ ಹುಡುಗಿ ಕೆಲಸಕ್ಕೆ ಹೋಗುವಾಗ ತನ್ನ ಮಗುವನ್ನು ನನ್ನ ಹತ್ತಿರ ಬಿಡತೊಡಗಿದಳು. ಅವಳ ಮೂಲಕ ಇನ್ನೊಬ್ಬಳು, ಅವಳ ಮೂಲಕ ಮತ್ತೊಬ್ಬಳು. ವಿಜಯನಗರದಲ್ಲಿ ಮೆಟ್ರೋ ಹತ್ತುವ ತಾಯಂದಿರು ದಾರಿಯಲ್ಲಿ ನಮ್ಮ ಮನೆಗೆ ತಿರುಗಿ, ಮಗುವನ್ನು ಕೊಟ್ಟು ಓಡುತ್ತಿದ್ದರು. ಮದುವೆಯಾದ ಮೇಲೆ 'ಇದು ನನ್ನದು' ಅಂತ ನಾನು ಹೇಳಿಕೊಳ್ಳಬಹುದಾದದ್ದು ಆ ಬೇಬಿ ಸಿಟ್ಟಿಂಗ್ ಒಂದೇ. ಆದ್ದರಿಂದ ಬಹಳ ಯೋಚಿಸಿ ಶುರು ಮಾಡಿದೆ. ಮೇಜಿನ ಮೂಲೆಗಳಿಗೆ ಸ್ಪಂಜು ಅಂಟಿಸಿದೆ. ಸ್ವಿಚ್ಚುಗಳಿಗೆ ಮುಚ್ಚಳ ತಂದೆ. ಯಾವ ಮಗುವಿಗೆ ಯಾವ ಲೋಟ ಎಂದು ಬಣ್ಣ ಹಚ್ಚಿದೆ. ಮಕ್ಕಳು ಚಕ್ರದ ಮೇಲೆ ಬರುತ್ತಾರೆ, ಚಕ್ರಗಳು ನಮ್ಮಲ್ಲೇ ಉಳಿಯುತ್ತವೆ ಎಂಬುದೊಂದೇ ನನಗೆ ಹೊಳೆಯಲಿಲ್ಲ.

ಮೊದಲು ಗಾಡಿಗಳನ್ನು ನಮ್ಮ ಬಾಗಿಲ ಮುಂದೆ ನಿಲ್ಲಿಸಿದೆ. ಗ್ಯಾಸ್ ತಂದವನು ಸಿಲಿಂಡರನ್ನು ಮೆಟ್ಟಿಲ ಮೇಲೇ ಬಿಟ್ಟು ಹೋದ. ಟೆರೇಸಿನಲ್ಲಿಟ್ಟೆ, ಮಳೆ ಬಂತು, ಐದು ಗಾಡಿಗಳ ಮೆತ್ತೆಯನ್ನೂ ಹೇರ್ ಡ್ರೈಯರಿನಲ್ಲಿ ಒಣಗಿಸುತ್ತ ಕೂತೆ. ಆಮೇಲೆ ಒಂದು ವಿಡಿಯೋ ನೋಡಿ ಮಡಚುವುದನ್ನು ಕಲಿತೆ. ಮಡಚುವುದನ್ನು ಮಾತ್ರ ಕಲಿತೆ. ಬಿಡಿಸುವುದು ಬೇರೆ ವಿಡಿಯೋದಲ್ಲಿತ್ತಂತೆ. ಆ ಸಂಜೆ ಒಬ್ಬ ತಂದೆ ಒಂದು ಕಂಕುಳಲ್ಲಿ ಮಗುವನ್ನೂ ಇನ್ನೊಂದರಲ್ಲಿ ಛತ್ರಿಯಂತಾದ ಗಾಡಿಯನ್ನೂ ಇಟ್ಟುಕೊಂಡು ಮನೆಗೆ ನಡೆದರು. ನಾನು ಗೇಟಿನವರೆಗೆ ಹೋಗಿ "ಸಾರಿ ಸರ್, ಸೋ ಸಾರಿ" ಎನ್ನುತ್ತ ಕೈ ಬೀಸಿದೆ.

ಕೊನೆಗೆ ಕೆಳಗಿನ ಪ್ಯಾಸೇಜಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ಮೇಲೆ ಒಂದು ಚೆಂದದ ಬೋರ್ಡು ಬರೆದು ಅಂಟಿಸಿದೆ. ಸುತ್ತಲೂ ಹೂಬಳ್ಳಿ, ನಡುವೆ ದುಂಡಗಿನ ಇಂಗ್ಲಿಷ್ ಅಕ್ಷರಗಳಲ್ಲಿ ಎಲ್ಲರೂ ದಯವಿಟ್ಟು ಸಹಕರಿಸಬೇಕೆಂಬ ಕೋರಿಕೆ. ಮರುದಿನ ಮುಂಜಾನೆ ರಂಗೋಲಿ ಬಟ್ಟಲು ಹಿಡಿದು ಹೊರಟ ಪುಟ್ಟಲಕ್ಷ್ಮಮ್ಮ, ಯಾರೋ ರಾತ್ರಿ ಅಲ್ಲೇ ಬಿಟ್ಟು ಹೋಗಿದ್ದ ಒಂದು ಗಾಡಿಗೆ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿದರು. ನಾನು ಇಳಿದು ಬಂದಾಗ ಪ್ಯಾಸೇಜೆಲ್ಲ ಬಿಳಿ, ಅವರ ಮೂಗೂ ಬಿಳಿ.

"ಏನ್ ಬರ್ದಿದೀಯ ಅಲ್ಲಿ? ಓದು."

ನಾನು ಕನ್ನಡದಲ್ಲಿ ಹೇಳಿದೆ.

"ಸಹಕರಿಸ್ದೆ ನೋಡು, ಮಂಡಿ ಕಿತ್ತೋಯ್ತು. ಇದೇನ್ ಮನೇನೋ ಬಸ್ ಸ್ಟ್ಯಾಂಡೋ? ಮಕ್ಕಳು ಬರ್ಲಿ, ನಂಗೇನೂ ಇಲ್ಲ. ಆದ್ರೆ ಗಾಡಿಗೆ ಜಾಗ ನೋಡ್ಕೊ. ಇಲ್ಲಾ ಮಕ್ಕಳ ಮನೆ ಬಂದ್ ಮಾಡು. ಯುಗಾದಿವರ್ಗೂ ಟೈಮು."

ಯುಗಾದಿ ದೂರವಿರಲಿಲ್ಲ. ಇಡೀ ಕಟ್ಟಡದಲ್ಲಿ ಇದ್ದ ಜಾಗ ಒಂದೇ, ಮೆಟ್ಟಿಲ ಕೆಳಗಿನ ಸಂದಿ. ಅಲ್ಲಿ ಅವರ ಸಂಸಾರವೇ ತುಂಬಿತ್ತು: ಒರಳು, ಗುಂಡುಕಲ್ಲು, ತಿಪಟೂರಿನಿಂದ ಬರುವ ಕಾಯಿ, ಕುಂಬಳ, ಈರುಳ್ಳಿ. ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಕೇಳಬೇಕಾದ ಮಾತನ್ನು ಕೇಳದೆ ನಗುವುದರಲ್ಲಿ ನನಗೆ ಶಾಲೆಯಲ್ಲಿ ಬಹುಮಾನವೇ ಬಂದಿತ್ತು. ಪ್ರಮಾಣಪತ್ರದಲ್ಲಿ ಅದನ್ನು 'ಸನ್ನಡತೆ' ಎಂದು ಬರೆದಿದ್ದರು.

ಹಾಗಾಗಿ ಒಂದು ಮಧ್ಯಾಹ್ನ ಮಕ್ಕಳು ಮಲಗಿ, ಮಗಳು ಅವರನ್ನು ನೋಡಿಕೊಳ್ಳುತ್ತಿದ್ದಾಗ, ಕೆಳಗೆ ಬಂದು ಪ್ಯಾಸೇಜಿನ ಕೊನೆಯ ಮೆಟ್ಟಿಲ ಮೇಲೆ ಕೂತು ತಾಯಂದಿರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಯುಗಾದಿಯಿಂದ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕಾಗಬಹುದು ಎಂದು ಹೇಳುವುದಿತ್ತು. ಪಕ್ಕದಲ್ಲಿದ್ದ ನೀಲಿ ಗಾಡಿಯನ್ನು ನನ್ನ ಕಾಲು ತಾನಾಗಿಯೇ ಹಿಂದಕ್ಕೆ ಮುಂದಕ್ಕೆ ಆಡಿಸುತ್ತಿತ್ತು. ದಿನವಿಡೀ ಅದೇ ಕೆಲಸ ಮಾಡುವ ಕಾಲು ಅದು.

ಬಾಗಿಲು ದಡಾರನೆ ತೆರೆಯಿತು.

"ಅಯ್ಯಯ್ಯೋ! ಖಾಲಿ ಗಾಡಿ ಆಡಿಸ್ತಾ ಕೂತವ್ಳಲ್ಲಪ್ಪಾ! ಖಾಲಿ ತೊಟ್ಲು ತೂಗಬಾರ್ದು ಅಂತ ಹೇಳ್ಕೊಡ್ಲಿಲ್ವೇನೇ ನಿನ್ ಕಾನ್ವೆಂಟಲ್ಲಿ?"

"ಇದು ತೊಟ್ಟಿಲಲ್ಲ..."

"ಮಗು ಮಲಗತ್ತೆ ತಾನೆ? ತೂಗ್ತೀಯ ತಾನೆ? ಮತ್ತೇನದು, ಎತ್ತಿನ ಗಾಡಿನಾ?"

ಅವರು ಸಂದಿಗೆ ನುಗ್ಗಿ, ಗುಂಡುಕಲ್ಲನ್ನು ಎದೆಗವಚಿಕೊಂಡು ಬಂದು ಗಾಡಿಯಲ್ಲಿ ಕೂರಿಸಿದರು. ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲನ್ನು ಹಾಕುತ್ತಾರಲ್ಲ, ಹಾಗೆ. ಮಗುವಿನ ಆಯಸ್ಸು ಕಲ್ಲಿನಷ್ಟು ಗಟ್ಟಿಯಾಗಲಿ ಎಂದು. ಆಮೇಲೆ ಉಳಿದ ಗಾಡಿಗಳತ್ತ ನೋಡಿದರು. ಮತ್ತೆ ಸಂದಿಯೊಳಗೆ ಹೋದರು. ಕುಂಬಳಕಾಯಿ ಬಂತು, ತೆಂಗಿನಕಾಯಿ ಬಂತು, ಈರುಳ್ಳಿ ಬಂತು. ಎಲ್ಲ ಗಾಡಿಗಳೂ ತುಂಬಿದ ಮೇಲೆ ನಾವಿಬ್ಬರೂ ತಿರುಗಿ ನೋಡಿದೆವು. ಮೆಟ್ಟಿಲ ಕೆಳಗೆ ಒರಳೊಂದನ್ನು ಬಿಟ್ಟರೆ ಏನೂ ಇರಲಿಲ್ಲ.

ಪುಟ್ಟಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡರು. ತಾವು ಮಾಡಿದ್ದೇನೆಂದು ಅವರಿಗೂ ಆಗಲೇ ತಿಳಿದಿರಬೇಕು.

"ತಳ್ಳು ಒಳಗೆ," ಎಂದರು. "ನನ್ ಸಾಮಾನು ನಿನ್ ಗಾಡೀಲಿ, ನಿನ್ ಗಾಡಿ ನನ್ ಜಾಗದಲ್ಲಿ. ಆದ್ರೆ ಒಂದು ಮಾತು. ಒಂದ್ ಗಾಡೀನೂ ಖಾಲಿ ನಿಂತಿರ್ಬಾರ್ದು. ನಿಂತಿದ್ ಕಂಡ್ರೆ ಎಲ್ಲಾ ರಸ್ತೆಗೆ."

ಹೀಗೆ ನನ್ನ ಕೆಲಸ ಉಳಿಯಿತು. ಬೆಳಿಗ್ಗೆ ಮಗುವನ್ನು ಎತ್ತಿಕೊಂಡ ತಕ್ಷಣ ಅದರ ಜಾಗಕ್ಕೆ ಕಾಯಿ. ಸಂಜೆ ತಾಯಿ ಬರುವ ಹೊತ್ತಿಗೆ ಕಾಯಿ ಇಳಿಸಿ, ಮೆತ್ತೆ ಕೊಡವಿ, ಗಾಡಿ ತಯಾರು. ಮನೋವಿಜ್ಞಾನದ ಒಂದೆರಡು ಪುಸ್ತಕಗಳನ್ನು ತಿರುವಿ ಹಾಕಿದ್ದ ನನಗೆ ಇದರ ಹಿಂದೆ ಏನೋ ದೊಡ್ಡ ನೋವಿರಬೇಕೆಂದು ಅನ್ನಿಸಿತು. ಒಂದು ದಿನ ಅವರು ಸೊಪ್ಪು ಸೋಸುತ್ತಿದ್ದಾಗ ಹತ್ತಿರ ಕೂತು, ದನಿ ತಗ್ಗಿಸಿ ಕೇಳಿದೆ: "ನಿಮ್ಮ ಜೀವನದಲ್ಲಿ ಏನಾದ್ರೂ ಆಗಿತ್ತಾ? ಹೇಳ್ಕೊಂಡ್ರೆ ಮನಸ್ಸು ಹಗುರಾಗುತ್ತೆ."

"ಏನ್ ಆಗಿತ್ತು?"

"ತೊಟ್ಟಿಲು... ಖಾಲಿ..."

ಅವರು ಸೊಪ್ಪಿನ ಕಂತೆಯಿಂದಲೇ ನನ್ನ ಮಂಡಿಗೆ ಒಂದು ಬಾರಿಸಿದರು. "ನಮ್ಮತ್ತೆ ಹೇಳಿದ್ರು, ನಾನ್ ಮಾಡ್ತೀನಿ. ಊಟಕ್ ಮುಂಚೆ ಕೈ ತೊಳ್ಕೊ ಅಂತ ನಿನ್ ಸಿಸ್ಟರು ಹೇಳಿದ್ರಲ್ಲ, ಅದಕ್ಕೇನ್ ಅವ್ರ ಮನೇಲಿ ಯಾರಾದ್ರೂ ಸತ್ತಿದ್ರಾ? ಬೇರು ಕಿತ್ತಾಕು, ಸುಮ್ನೆ ಕೂತಿದೀಯ."

ನಾನು ಬೇರು ಕಿತ್ತು ಹಾಕಿದೆ.

ನನ್ನ ನಿಜವಾದ ಕಷ್ಟ ಬೇರೆಯಿತ್ತು. ಸಂಜೆ ಯಾರಾದರೂ ಬೇಗ ಬಂದುಬಿಟ್ಟರೆ? ಇಷ್ಟು ಇಂಗ್ಲಿಷ್ ಮಾತಾಡುವ ಮಿಸ್ಸು ತಮ್ಮ ದುಬಾರಿ ಗಾಡಿಯಲ್ಲಿ ಕುಂಬಳಕಾಯಿ ಕೂರಿಸುತ್ತಾಳೆಂದು ಕಂಡರೆ ಏನೆಂದುಕೊಂಡಾರು? ಮಾನ ಉಳಿಸಿಕೊಳ್ಳಲು ಒಂದು ಉಪಾಯ ಹೂಡಿದೆ. ಸಾಮಾನುಗಳ ಮೇಲೆ ಒಂದೊಂದು ಪುಟ್ಟ ಹೊದಿಕೆ ಹೊದಿಸಿ ನೆರಳಿನ ಕೊಡೆಯನ್ನು ಮುಂದಕ್ಕೆ ಎಳೆದುಬಿಡುತ್ತಿದ್ದೆ. ಕುಂಬಳಕಾಯಿಯ ತೊಟ್ಟು ಹೊದಿಕೆಯನ್ನು ಎತ್ತುತ್ತಿದ್ದುದರಿಂದ ಅದಕ್ಕೊಂದು ಉಲ್ಲನ್ ಟೋಪಿಯನ್ನೂ ಹಾಕಿದೆ. ನೋಡಲು ಬಹಳ ಮರ್ಯಾದಸ್ಥವಾಗಿತ್ತು.

ಒಂದು ಸಂಜೆ, ಹಿಂದೆ ಮಡಚಿದ ಗಾಡಿ ಹೊತ್ತು ನಡೆದಿದ್ದರಲ್ಲ, ಅದೇ ತಂದೆ ಬೇಗ ಬಂದರು. ಕಿವಿಯಲ್ಲಿ ಫೋನು, ಯಾರೊಂದಿಗೋ ಆಫೀಸಿನ ಜಗಳ. ನಾನು ಮೇಲೆ ಮಗುವಿಗೆ ಶೂ ಹಾಕುತ್ತಿದ್ದೆ. ಅಲ್ಲಿಂದಲೇ "ಎಲ್ಲಾ ರೆಡಿ ಸರ್, ಗಾಡಿ ಕೆಳಗಿದೆ" ಎಂದೆ. ಮಗುವನ್ನು ಎತ್ತಿಕೊಂಡು ಇಳಿದು ಬಂದಾಗ ಕೆಳಗೆ ತಂದೆಯೂ ಇಲ್ಲ, ಗಾಡಿಯೂ ಇಲ್ಲ.

ಪುಟ್ಟಲಕ್ಷ್ಮಮ್ಮ ಜಗುಲಿಯ ಮೇಲೆ ಕೂತಿದ್ದರು. "ಆವಪ್ಪ ತಳ್ಕೊಂಡ್ ಹೋದ," ಎಂದರು. "ಮಗೂನ ನೀನ್ ಹಿಂದೆ ತರ್ತೀಯ ಅನ್ಕೊಂಡೆ." ನನ್ನ ಕೈಯಲ್ಲಿದ್ದ ಮಗುವನ್ನು ನೋಡಿದರು. ಗಾಡಿ ಹೋದ ದಿಕ್ಕಿಗೆ ನೋಡಿದರು. "ನನ್ ಕುಂಬಳಕಾಯಿ!" ಎಂದು ಎದ್ದು ನಿಂತರು.

ಮಗುವಿನ ತಂದೆಗೆ ಫೋನ್ ಮಾಡಿದರೆ ಬ್ಯುಸಿ. ನಾನು ಮಗುವನ್ನು ಎತ್ತಿಕೊಂಡು ಗೇಟಿನಲ್ಲಿ ನಿಂತು, ಇಲ್ಲಿಗೆ ನನ್ನ ಬೇಬಿ ಸಿಟ್ಟಿಂಗ್ ಮುಗಿಯಿತೆಂದು ಮನಸ್ಸಿನಲ್ಲೇ ಕ್ಷಮಾಪಣೆಯ ವಾಕ್ಯಗಳನ್ನು ಜೋಡಿಸತೊಡಗಿದೆ. ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಅವರು ರಸ್ತೆಯ ತಿರುವಿನಲ್ಲಿ ಕಾಣಿಸಿಕೊಂಡರು. ಓಡುತ್ತಿದ್ದರು. ಒಂದು ಕೈಯಲ್ಲಿ ಗಾಡಿ, ಇನ್ನೊಂದು ಕೈಯಲ್ಲಿ ಟೋಪಿ ಹಾಕಿದ ಕುಂಬಳಕಾಯಿ, ಹೆಗಲಿಗೆ ಒರಗಿಸಿಕೊಂಡು.

"ಏನ್ ಮೇಡಂ ಇದು?" ಎಂದರು, ಏದುಸಿರಿನಲ್ಲಿ. "ಟೋಪಿ ಸರಿ ಮಾಡೋಣ ಅಂತ ಬಗ್ಗಿದ್ರೆ... ಏನಿದು? ಮಾಟನಾ? ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ಹಾಕ್ತೀನಿ ನಾನು, ಎಲ್ರಿಗೂ ಗೊತ್ತಾಗ್ಲಿ!"

ನಾನು ಬಾಯಿ ತೆರೆದೆ. ಜೋಡಿಸಿಟ್ಟ ವಾಕ್ಯ ಹೊರಬರುವಷ್ಟರಲ್ಲಿ ಪುಟ್ಟಲಕ್ಷ್ಮಮ್ಮ ಮುಂದೆ ಬಂದು ಮೊದಲು ತಮ್ಮ ಕುಂಬಳಕಾಯಿ ಇಸಿದುಕೊಂಡರು.

"ಹಾಕಪ್ಪ, ಗ್ರೂಪಲ್ ಹಾಕು. ಮಗು ಯಾವ್ದು ಕುಂಬಳಕಾಯಿ ಯಾವ್ದು ಅಂತ ನೋಡ್ದೆ ಮೇನ್ ರೋಡ್‌ವರ್ಗೂ ತಳ್ಕೊಂಡೋದೆ ಅಂತ್ಲೂ ಹಾಕು. ಮಾಟ ಅಲ್ಲ, ಗೀಟ ಅಲ್ಲ. ನಿನ್ ಕೂಸಿನ್ ಜಾಗ ಖಾಲಿ ಇರ್ಬಾರ್ದು ಅಂತ ಇಡ್ಸೋಳು ನಾನು. ಈವಮ್ಮಂಗ್ ಏನೂ ಗೊತ್ತಿಲ್ಲ. ಕಾನ್ವೆಂಟು."

ತಂದೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು. ಮಗು ಅಪ್ಪನನ್ನು ಬಿಟ್ಟು ಕುಂಬಳಕಾಯಿಯ ಟೋಪಿಯತ್ತ ಕೈಚಾಚಿತು. ಅದು ಮಗುವಿನದೇ ಟೋಪಿ. ಆಮೇಲೆ ಆ ಮನುಷ್ಯ ಮೆಲ್ಲಗೆ ಕೇಳಿದರು: "ನಮ್ಮನೇಲೂ ಗಾಡಿ ರಾತ್ರಿಯೆಲ್ಲಾ ಖಾಲಿನೇ ಇರುತ್ತೆ. ಏನಿಡ್ಬೇಕಮ್ಮ?"

"ಏನಾದ್ರೂ ಇಡು. ನಿನ್ ಫೋನ್ ಇಡು, ಒಳ್ಳೇದು."

ಅವರು ಗ್ರೂಪಿನಲ್ಲಿ ಏನೂ ಹಾಕಲಿಲ್ಲ. ಅಂದಿನಿಂದ ನಾನು ಹೊದಿಕೆ ಹೊದಿಸುವುದನ್ನು ಬಿಟ್ಟೆ. ಕುಂಬಳಕಾಯಿ ಬರಿತಲೆಯಲ್ಲೇ ಕೂತಿತು. ಕೆಲವು ತಾಯಂದಿರು ನಕ್ಕರು. ಒಬ್ಬಳು ಬೆಳಿಗ್ಗೆ ಬರುವಾಗ ತಾನೇ ಒಂದು ಎಳನೀರು ತರತೊಡಗಿದಳು, "ನಮ್ಮ ಗಾಡಿಗೆ" ಎಂದು.

ಕಳೆದ ವರ್ಷ ಪುಟ್ಟಲಕ್ಷ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಶ್ರೀಗಂಧದ ಕಾವಲು ಬಡಾವಣೆಯಲ್ಲಿರುವ ಅವರ ಮಗಳು ಒಂದು ವೀಲ್ ಚೇರ್ ಬಾಡಿಗೆಗೆ ತಂದಳು. ಅದು ಅವರ ಬಾಗಿಲಲ್ಲಿ ಒಳಗೆ ಹಿಡಿಸಲಿಲ್ಲ. ಎಲ್ಲಿಡುವುದೆಂದು ಅವಳು ಪ್ಯಾಸೇಜಿನಲ್ಲಿ ಸುತ್ತಮುತ್ತ ನೋಡುತ್ತಿದ್ದಾಗ ನಾನು ಎರಡು ಗಾಡಿಗಳನ್ನು ಒತ್ತರಿಸಿ ಜಾಗ ಮಾಡಿಕೊಟ್ಟೆ. ಮಗಳ ಹೆಗಲು ಹಿಡಿದು ನಿಂತಿದ್ದ ಪುಟ್ಟಲಕ್ಷ್ಮಮ್ಮ ಅದನ್ನು ನೋಡಿದರು. "ಬಂತ್ ನೋಡು ನಂದೂ ಒಂದು," ಎಂದರು. "ಸ್ಟ್ಯಾಂಡು ಫುಲ್ಲು."

ಮೂಳೆ ಕೂಡಲಿಲ್ಲ. ಒಂದು ಮಧ್ಯಾಹ್ನ ಮಗಳು ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ಬಂದಳು. ಗೇಟಿನವರೆಗೆ ವೀಲ್ ಚೇರ್ ತಳ್ಳಿದವಳು ನಾನೇ. ಕಾರಿನಲ್ಲಿ ಕೂರಿಸಿದ ಮೇಲೆ ಅವರು ಕಿಟಕಿಯಿಂದ ಕೈ ಆಡಿಸಿ ಕರೆದರು. ನಾನು ಕಣ್ಣು ತುಂಬಿಕೊಂಡು ಬಗ್ಗಿದೆ.

"ಕುಂಬಳಕಾಯ್ ಆಗಾಗ ತಿರುಗ್ಸಿಡು. ಒಂದೇ ಮಗ್ಗುಲಲ್ಲಿ ಇದ್ರೆ ಕೊಳ್ತೋಗತ್ತೆ."

"ಆಯ್ತು ಪುಟ್ಟಲಕ್ಷ್ಮಮ್ಮನೋರೇ."

"ಆಂಟಿ ಅನ್ನು, ಪರ್ವಾಗಿಲ್ಲ," ಎಂದರು. ಕಾರು ಹೊರಟಿತು.

ಅವರು ಮರಳಿ ಬರಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಮಗಳು ವೀಲ್ ಚೇರ್ ವಾಪಸ್ ಕೊಡಲು ಬಂದಳು. ಈಗ ಮನೆ ಅವಳದು, ಮೆಟ್ಟಿಲ ಕೆಳಗಿನ ಜಾಗವೂ ಅವಳದೇ. ನಾನು ಮೇಲಿನಿಂದ ಓಡಿಬಂದೆ. ಅವಳು ಸಂದಿಯ ಮುಂದೆ ನಿಂತಿದ್ದಳು. ವೀಲ್ ಚೇರಿನ ಸೀಟಿನ ಮೇಲೆ ಗುಂಡುಕಲ್ಲು ಕೂತಿತ್ತು. ಕಾರು ಹೋದ ಮಧ್ಯಾಹ್ನವೇ ನಾನು ಅದನ್ನು ನೀಲಿ ಗಾಡಿಯಿಂದ ಎತ್ತಿ ಅಲ್ಲಿ ಇಟ್ಟಿದ್ದೆ.

"ಸಾರಿ," ಎಂದು ಶುರು ಮಾಡಿದೆ, "ತಪ್ಪು ತಿಳೀಬೇಡಿ, ಅದು ಸುಮ್ನೆ... ಗಾಡಿಗಳನ್ನೂ ಬೇಕಿದ್ರೆ ನಾಳೇನೇ..."

ಅವಳು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ನೀಲಿ ಗಾಡಿಯಲ್ಲಿ ಕೂರಿಸಿದಳು. "ಇರ್ಲಿ ಬಿಡಿ ಕಾನ್ವೆಂಟ್ ಆಂಟಿ," ಎಂದಳು. "ನಾಳೆ ಮಕ್ಕಳು ಬರ್ತಾರಲ್ಲ."

ವೀಲ್ ಚೇರನ್ನು ಹೊರಗೆಳೆದು, ಗೇಟಿನತ್ತ ತಿರುಗಿಸಿ, ಎರಡು ಹೆಜ್ಜೆ ತಳ್ಳಿದವಳು ನಿಂತಳು. ಹೆಗಲ ಮೇಲಿದ್ದ ತನ್ನ ಬ್ಯಾಗನ್ನು ತೆಗೆದು ಸೀಟಿನ ಮೇಲೆ ಇಟ್ಟಳು. ಆಮೇಲೆ ತಳ್ಳಿಕೊಂಡು ಹೋದಳು.