ಆರು ಮಂಚದ ಕೋಣೆಯಲ್ಲಿ ವ್ಯಾಯಾಮ

ನನ್ನ ಶುಗರ್ ಏರಲು ನನ್ನ ಸೋಮಾರಿತನವೇ ಕಾರಣ ಎಂದು ಕಂಪನಿ ಬರೆಯಿತು. ಆ ಕಾಗದಕ್ಕೆ ನನ್ನಿಂದಲೇ ಸಹಿ ಹಾಕಿಸಿತು.

ನಾನು ಗಲ್ಫಿನ ಅಲ್ ಖೌದ್ ಎಂಬ ಊರಲ್ಲಿ ಒಂದು ಸೂಪರ್‌ಮಾರ್ಕೆಟಿನ ಕೆಲಸಗಾರ. ಶುಗರ್ ಇದ್ದವರಿಗೆಂದು ಕಂಪನಿ ಒಬ್ಬ ಟ್ರೈನರನ್ನು ಕರೆಸಿತ್ತು. ವಾರಕ್ಕೆ ಆರು ದಿನ, ದಿನಕ್ಕೆ ಮುಕ್ಕಾಲು ಗಂಟೆ ಮನೆಯಲ್ಲೇ ಹಾರಬೇಕು, ಬಸ್ಕಿ ಹೊಡೆಯಬೇಕು ಎಂದ.

“ಯಾವಾಗ ಸಾರ್? ಬೆಳಗ್ಗೆ ಎಂಟರಿಂದ ಒಂದು, ಮತ್ತೆ ನಾಲ್ಕರಿಂದ ಹತ್ತು ಡ್ಯೂಟಿ.”

“ನಡುವೆ ಮೂರು ಗಂಟೆ ಖಾಲಿ ಇದೆಯಲ್ಲ!” ಎಂದು ನಕ್ಕ.

ಅಡುಗೆ, ಊಟ, ಬಟ್ಟೆ ಒಗೆಯುವುದು ಎಲ್ಲ ಆ ಮೂರು ಗಂಟೆಯಲ್ಲೇ. ಆದರೂ ಹಾರಿದೆ. ಆರು ಮಂಚದ ಕೋಣೆಯಲ್ಲಿ ಖಾಲಿ ನೆಲ ಒಂದು ಚಾಪೆಯಷ್ಟು. ಪಕ್ಕದ ಮಂಚದಲ್ಲಿ, ರಾತ್ರಿ ಲಾರಿ ಓಡಿಸುವ ಹಮೀದಾಕ ಮಲಗಿದ್ದರು. ಹತ್ತು ಸಲ ಹಾರುವಷ್ಟರಲ್ಲಿ ಎದ್ದು ಕುಳಿತರು.

“ಸಾಕು, ಖಲಾಸ್ ಮಾಡು ಮಾರಾಯ. ನಾನು ಈಗ ಮಲಗದಿದ್ದರೆ ಸ್ಟೇರಿಂಗ್ ಮೇಲೆ ಮಲಗಬೇಕು. ನಿನ್ನ ಶುಗರ್ ಇಳಿಯುವ ಮೊದಲು ನನ್ನ ಮಯ್ಯತ್ ಪೆಟ್ಟಿಗೆಯಲ್ಲಿ ಮಂಗಳೂರಲ್ಲಿ ಇಳಿಯುತ್ತದೆ.”

ಅಂದೇ ನಿಲ್ಲಿಸಿದೆ. ಮೂರು ತಿಂಗಳಲ್ಲಿ ಶುಗರ್ ಇನ್ನೂ ಏರಿತು. ಹೇಳಿದ ವ್ಯಾಯಾಮ ಮಾಡಲಿಲ್ಲ ಎಂಬ ಕಾಗದ ಬಂತು. ಕೆಲಸ ಹೋದೀತೆಂದು ಹೆದರಿ ಸಹಿ ಹಾಕಿದೆ. ಈಗ ಕಾಲಿನ ಗಾಯ ಮಾಯುತ್ತಿಲ್ಲ. ಟ್ರೈನರ್ ಫೋನಿಗೆ ಹಾಕಿಕೊಟ್ಟ ಆಪ್ ಮಾತ್ರ ದಿನಾ ಮಧ್ಯಾಹ್ನ ಎರಡು ಗಂಟೆಗೆ ವ್ಯಾಯಾಮಕ್ಕೆ ನನ್ನನ್ನು ಎಬ್ಬಿಸಲು ನೋಡುತ್ತದೆ. ಹಮೀದಾಕರ ನಿದ್ದೆಗಾಗಿ ಅದರ ಬಾಯಿ ಮುಚ್ಚಿಸಿದ್ದೇನೆ.

ನಿಮಗೂ ಇಂಥ ಕಾಗದ ಬಂದರೆ ಸಹಿ ಹಾಕಬೇಡಿ. ನಿಮ್ಮ ಡ್ಯೂಟಿ ಚೀಟಿಯನ್ನು ಅವರ ಮುಂದಿಡಿ. ಯಾವ ಗಂಟೆಯಲ್ಲಿ, ಯಾವ ನೆಲದ ಮೇಲೆ ಹಾರಬೇಕು ಎಂದು ಮೊದಲು ಅವರ ಕೈಯಲ್ಲೇ ಬರೆಸಿ.