ಯಂತ್ರಕ್ಕಿಂತ ಹತ್ತು ಹೆಜ್ಜೆ ಮುಂದೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉದ್ಯಾನದ ಪಂಪ್‌ಹೌಸಿನ ಹಿಂದಿನ ಮೂಲೆಯಲ್ಲಿ ಕಲ್ಲಕ್ಕ ಮಂಡಿಯೂರಿ ಕುಳಿತು ಹುಲ್ಲಿನ ಗರಿಯನ್ನು ಎರಡು ಬೆರಳಲ್ಲಿ ಬಗ್ಗಿಸುತ್ತಾರೆ. ಇಬ್ಬನಿಗೆ ತೊಯ್ದ ಮಿಡತೆ ಈ ಹೊತ್ತಿನಲ್ಲಿ ಹಾರುವುದಿಲ್ಲ. "ಚಳಿ ಬಿಡೋ ತನಕ ಇವೂ ನಮ್ಮ ಮನೆಯವರ ಹಾಗೇ, ಎಬ್ಬಿಸಿದ್ರೂ ಏಳಲ್ಲ," ಎನ್ನುತ್ತಾರೆ. ಪಕ್ಕದಲ್ಲೇ ಹುಲ್ಲು ಕತ್ತರಿಸುವ ಯಂತ್ರಕ್ಕೆ ಎಣ್ಣೆ ಹಾಕುತ್ತಿರುವ ಮನೆಯವರು, "ಕೇಳಿಸ್ತು ಕಣೇ," ಎನ್ನುತ್ತಾರೆ.

ಒಂಬತ್ತು ಎಕರೆ ಜಾಗ. ಗಂಡ ಯಂತ್ರ ಓಡಿಸುತ್ತಾರೆ. ಹತ್ತು ಹೆಜ್ಜೆ ಮುಂದೆ ನಡೆಯುತ್ತಾ ಕಲ್ಲು, ಗಾಜಿನ ಚೂರು ಆರಿಸುವುದು ಹೆಂಡತಿಯ ಕೆಲಸ. ಕಲ್ಲಕ್ಕ ಎಂಬ ಹೆಸರು ಬಂದದ್ದೂ ಹಾಗೆಯೇ. ಇಪ್ಪತ್ತೆರಡು ವರ್ಷದಿಂದ ಕಣ್ಣು ನೆಲದ ಮೇಲೇ ಇರುವುದರಿಂದ ಕಾಲಡಿಯಿಂದ ಚಿಮ್ಮುವ ಮಿಡತೆಗಳೆಲ್ಲ ಪರಿಚಯ. ಹದಿನಾಲ್ಕು ಜಾತಿ ಗೊತ್ತು, ಹೆಸರುಗಳು ಅವರೇ ಇಟ್ಟಿದ್ದು. ಈ ಮೂಲೆಯಲ್ಲಿ ಮಾತ್ರ ಸಿಗುವ, ಕೆಂಪು ಮೊಣಕಾಲಿನ, ಮೋಟು ರೆಕ್ಕೆಯದು 'ಗಿಡ್ಡಮ್ಮ'.

ಕಳೆದ ವರ್ಷ ಈ ಮೂಲೆಯನ್ನೂ ಬೋಳಿಸಲು ಉದ್ಯಾನದ ಕಚೇರಿಯಿಂದ ಆದೇಶ ಬಂತು. ಕಲ್ಲಕ್ಕ ಒಂದು ಗಿಡ್ಡಮ್ಮನನ್ನು ಡಬ್ಬಿಯಲ್ಲಿಟ್ಟುಕೊಂಡು ಕಾಲೇಜಿನ ಕೀಟಶಾಸ್ತ್ರದ ಮೇಷ್ಟ್ರ ಬಳಿ ಹೋದರು. ಮೇಷ್ಟ್ರು ಒಮ್ಮೆ ಕಣ್ಣು ಹಾಯಿಸಿ, "ಇದು ಮಾಮೂಲಿ ಮಿಡತೆ ಮರಿ ಕಣಮ್ಮ, ರೆಕ್ಕೆ ಇನ್ನೂ ಬೆಳೆದಿಲ್ಲ," ಎಂದು ಕಳಿಸಿಬಿಟ್ಟರು.

ಕಲ್ಲಕ್ಕನ ಮನಸ್ಸು ಒಪ್ಪಲಿಲ್ಲ. ಮರಿಯಾದರೆ ಪೊರೆ ಕಳಚಿ ರೆಕ್ಕೆ ಬಿಡಬೇಕು. ಗಾಜಿನ ಜಾಡಿಯ ತಳಕ್ಕೆ ಮರಳು ಹಾಕಿ, ದಿನಾ ಹೊಸ ಹುಲ್ಲಿಟ್ಟು, ಅಡುಗೆಮನೆಯ ಕಿಟಕಿಯಲ್ಲಿ ಸಾಕಿದರು. "ಬಾಣಂತಿಗೂ ಇಷ್ಟು ಆರೈಕೆ ಇರಲ್ಲ," ಎಂದು ಗಂಡ ಕಿಚಾಯಿಸಿದರು. ಹದಿನೆಂಟು ದಿನ ಕಳೆದರೂ ರೆಕ್ಕೆ ಬರಲಿಲ್ಲ. ಹತ್ತೊಂಬತ್ತನೆಯ ದಿನ ಅದು ಹೊಟ್ಟೆಯ ತುದಿಯನ್ನು ಮರಳಿಗೆ ಊರಿ ಮೊಟ್ಟೆ ಇಟ್ಟಿತು.

ಜಾಡಿ ಮೇಷ್ಟ್ರ ಮೇಜಿಗೆ ಹೋಯಿತು. "ಮರಿ ಎಲ್ಲಾದ್ರೂ ಮೊಟ್ಟೆ ಇಡುತ್ತಾ ಸಾರ್?"

ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ತಪ್ಪು ನಂದೇ ಕಣಮ್ಮ. ಇದು ಬೆಳೆದ ಹೆಣ್ಣು, ಇದರ ರೆಕ್ಕೆನೇ ಇಷ್ಟು. ನಮ್ಮ ಸೀಮೆ ಬಿಟ್ಟು ಬೇರೆಲ್ಲೂ ಇಲ್ಲ. ಇಲ್ಲೂ ಅಳಿದು ಹೋಯ್ತು ಅಂದ್ಕೊಂಡಿದ್ವಿ." ಅವರ ಪತ್ರ ಕಚೇರಿ ತಲುಪಿದ ಮೇಲೆ ಆದೇಶ ನಿಂತಿತು. ಮೂಲೆಯ ಸುತ್ತಲೂ ಹಗ್ಗ ಬಿತ್ತು.

ಇವತ್ತು ಎಣಿಕೆಗೆ ಸಿಕ್ಕ ಗಿಡ್ಡಮ್ಮಗಳು ಮೂವತ್ತೊಂದು. ಇನ್ನೇನಾದರೂ ಆಸೆ ಇದೆಯೇ ಎಂದರೆ ಕಲ್ಲಕ್ಕ ನಾಚುತ್ತಾರೆ. "ಹಗ್ಗ ನಾಲ್ಕು ಹೆಜ್ಜೆ ಆಚೆ ಕಟ್ಟಿದ್ರೆ ಸಾಕು. ಏಳು ಹೊರಗಡೆ ಇವೆ. ಅವಕ್ಕೇನು ಗೊತ್ತು ಹಗ್ಗ?"

ಬಿಸಿಲೇರುತ್ತದೆ. ಯಂತ್ರ ಶುರುವಾಗುತ್ತದೆ, ಹೆಂಡತಿ ಮುಂದೆ, ಗಂಡ ಹಿಂದೆ. ಹಗ್ಗಕ್ಕೆ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ, ಯಾರೂ ಏನೂ ಹೇಳದೆಯೇ, ಗಂಡ ಬ್ಲೇಡು ಮೇಲೆತ್ತುತ್ತಾರೆ. ಯಂತ್ರ ತಿರುಗಿಸಿಕೊಂಡು ಆ ನಾಲ್ಕು ಹೆಜ್ಜೆ ದಾಟಿದ ಮೇಲೆ ಇಳಿಸುತ್ತಾರೆ.